ನಡೆಯದ ಪಾಠದ ದಾಖಲೆ ಯಾರಿಗಾಗಿ?

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಈಗ ತಮ್ಮ ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಓದಿಸುತ್ತಿದ್ದಾರೆ. ಬಂಧುಗಳ ಪೈಕಿಯೂ ಅಂತಹವರುಂಟು. ಅದು ಸರಿಯೋ ತಪ್ಪೋ ಎಂಬ ಚರ್ಚೆಯನ್ನು ನಾನಿಲ್ಲಿ ಎತ್ತುವುದಿಲ್ಲ. ಆಯುಷ್ಯದ ಬಹುಭಾಗ ಶಾಲೆಯ ಅನ್ನ ಉಂಡವನಿಂದ ನಿಷ್ಪಕ್ಷಪಾತವಾದ ತೀರ್ಪು ಬರಲಾರದು. ನನ್ನ ತಕರಾರೇನಿದ್ದರೂ ಅವರು ಇಡುವ, ಇಲ್ಲವೆ ಇಡದೆ ಬಿಡುವ, ದಾಖಲೆಯನ್ನು ಕುರಿತದ್ದು.

ಇವರಲ್ಲಿ ಎರಡು ಪಂಗಡ. ಒಂದು ಪಂಗಡದವರು ಜೂನ್ ತಿಂಗಳಲ್ಲಿಯೇ ವರ್ಷವಿಡೀ ನಡೆಯಬೇಕಾದ ಪಾಠಗಳನ್ನು ಕಂಪ್ಯೂಟರಿನಲ್ಲಿ ಬಣ್ಣಬಣ್ಣದ ಚೌಕಗಳಿಗೆ ತುಂಬಿ, ದಿನವೂ ಸಂಜೆ ಒಂದೊಂದಕ್ಕೆ ಗುರುತು ಹಾಕುತ್ತಾರೆ. ಇನ್ನೊಂದು ಪಂಗಡದವರು, ಮಗು ತಾನಾಗಿ ಅರಳುತ್ತದೆ, ಬರೆದಿಡುವುದೆಲ್ಲ ಶಾಲೆಯ ರೋಗ ಎನ್ನುತ್ತಾರೆ.

ಮೊದಲನೆಯವರು ಹೊಸತೇನನ್ನೂ ಕಂಡುಹಿಡಿದಿಲ್ಲ. ಬಿ.ಎಡ್. ತರಗತಿಯಲ್ಲಿ ನಮಗೆ ಹರ್ಬಾರ್ಟನ ಹೆಸರಿನ ಐದು ಹಂತಗಳ ಪಾಠಯೋಜನೆಯನ್ನು ಕಲಿಸಿದ್ದರು. ನೌಕರಿಗೆ ಸೇರಿದ ಮೇಲೆ ವಾರ್ಷಿಕ ಪಾಠಹಂಚಿಕೆ, ಘಟಕ ಯೋಜನೆ, ಪಾಠ ಟಿಪ್ಪಣಿ, ದಿನಚರಿ ಎಂದು ಪುಸ್ತಕಗಳು ಬೆಳೆಯುತ್ತಲೇ ಹೋದವು. ಯೋಜನೆ ಕೆಟ್ಟದ್ದಲ್ಲ. ಆದರೆ ತಪಾಸಣೆಗೆ ಸಾಹೇಬರು ಬರುವ ಹಿಂದಿನ ದಿನ ತಿಂಗಳುಗಟ್ಟಲೆಯ ದಿನಚರಿ ಒಂದೇ ಪೆನ್ನಿನಲ್ಲಿ, ಒಂದೇ ಉಸಿರಿನಲ್ಲಿ ತುಂಬಿಹೋಗುವುದನ್ನು ಶಿಕ್ಷಕರ ಕೊಠಡಿಯಲ್ಲಿ ಕುಳಿತವರೆಲ್ಲ ಬಲ್ಲರು. ಅಲ್ಲಿ ಪಾಠಗಳೆಲ್ಲ ಮುಗಿದಿರುತ್ತಿದ್ದವು. ಮಗುವಿಗೆ ಏನು ಬಂದಿತು ಎಂಬುದು ಮಾತ್ರ ಇರುತ್ತಿರಲಿಲ್ಲ. ಶಿಕ್ಷಕನಿಗಾದರೂ ಸಾಹೇಬರ ಅಂಜಿಕೆಯಿತ್ತು. ಮನೆಯಲ್ಲಿ ಕಲಿಸುವ ತಾಯಿತಂದೆಗಳು ಯಾರಿಗೆ ಅಂಜಿ ಚೌಕ ತುಂಬುತ್ತಿದ್ದಾರೆ?

'ಭಿನ್ನರಾಶಿಗಳ ಸಂಕಲನ, ಮುಗಿಯಿತು' ಎಂದು ಬರೆದರೆ ಅದು ದಾಖಲೆಯಲ್ಲ. '1/2ಕ್ಕೆ 1/3 ಕೂಡಿಸಿ 2/5 ಎಂದಳು. ರೊಟ್ಟಿ ಹರಿದು ತೋರಿಸಿದಾಗ, 2/5 ಅರ್ಧಕ್ಕಿಂತಲೂ ಕಡಿಮೆಯಾಯಿತಲ್ಲ ಎಂದು ತಾನೇ ನಕ್ಕಳು. ಛೇದಗಳನ್ನು ಸಮ ಮಾಡುವುದು ಇನ್ನೂ ತಿಳಿದಿಲ್ಲ' ಎಂದು ಬರೆಯಿರಿ, ಅದು ದಾಖಲೆ. ನಾಳೆ ಯಾವ ಪಾಠ ಮಾಡಬೇಕೆಂಬುದು ಅದರೊಳಗೇ ಇದೆ. ಮೊಬೈಲಿನಲ್ಲಿ ತೆಗೆದ ಛಾಯಾಚಿತ್ರಗಳನ್ನು ತೋರಿಸಿ 'ಎಲ್ಲ ಇಲ್ಲಿದೆ ಸರ್' ಎನ್ನುವವರಿಗೂ ಇದೇ ಉತ್ತರ. ಮಣ್ಣಿನ ಜ್ವಾಲಾಮುಖಿಯ ಪಕ್ಕದಲ್ಲಿ ನಗುತ್ತ ನಿಂತ ಮಗು ಚೆಂದವೇ, ಆದರೆ ಅದಕ್ಕೆ ಏನು ತಿಳಿಯಲಿಲ್ಲವೆಂಬುದು ಚಿತ್ರದಲ್ಲಿ ಬೀಳುವುದಿಲ್ಲ.

ಎರಡನೆಯ ಪಂಗಡದವರ ಬಳಿ ಒಂದು ಗಟ್ಟಿಯಾದ ವಾದವಿದೆ: ನಮ್ಮನ್ನು ಕೇಳುವವರು ಯಾರು? ನಿಜ. 2009ರ ಶಿಕ್ಷಣ ಹಕ್ಕು ಕಾಯಿದೆಯಲ್ಲಿ ಮನೆಯಲ್ಲಿ ಕಲಿಸುವವರು ಇಂತಹ ದಾಖಲೆ ಇಡಬೇಕೆಂಬ ಮಾತೇ ಇಲ್ಲ. ಮಗುವಿಗೆ 14 ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಸೆಕೆಂಡರಿ ಹಂತಕ್ಕೆ ಹೆಸರು ನೋಂದಾಯಿಸಬಹುದು. ಆದರೆ ಯಾರೂ ಕೇಳುವುದಿಲ್ಲ ಎಂಬುದೇ ನನ್ನ ಭಯಕ್ಕೆ ಕಾರಣ. ಶಾಲೆಯಲ್ಲಿ ಐದನೆಯ ತರಗತಿಯ ಮೇಷ್ಟ್ರು ಕಾಣದ ಕೊರತೆಯನ್ನು ಆರನೆಯ ತರಗತಿಯ ಮೇಷ್ಟ್ರು ಕಂಡು ಗೊಣಗುತ್ತಾರೆ. ಆ ಗೊಣಗಾಟ ಮಗುವಿಗೆ ದೊಡ್ಡ ರಕ್ಷಣೆ. ಮನೆಯಲ್ಲಿ ಎಲ್ಲ ತರಗತಿಗಳಿಗೂ ಅದೇ ತಾಯಿ, ಅದೇ ತಂದೆ. ಪ್ರೀತಿಯ ಕಣ್ಣು ಬೇರೆ. ಒಂಬತ್ತರಲ್ಲಿ ಕಾಣದ ಭಾಗಾಕಾರದ ಹುಳುಕು ಹದಿನೈದರಲ್ಲಿ, ಪರೀಕ್ಷಾ ಕೊಠಡಿಯಲ್ಲಿ, ಮಗು ಒಂಟಿಯಾಗಿ ಕುಳಿತಾಗ ಹೊರಬರುತ್ತದೆ. ಅದರ ಫಲ ಉಣ್ಣುವವರು ನೀವಲ್ಲ.

ಅಮೆರಿಕದಲ್ಲಿ ರಾಜ್ಯಕ್ಕೊಂದು ಕಾನೂನು. ಪೆನ್ಸಿಲ್ವೇನಿಯಾದ 1988ರ ಕಾಯಿದೆಯ ಪ್ರಕಾರ ಪಾಠ ನಡೆದ ಸಮಯದಲ್ಲಿಯೇ ದಿನಚರಿ ಬರೆಯಬೇಕು, ಓದಿದ ಪುಸ್ತಕಗಳ ಹೆಸರು ಕಾಣಿಸಬೇಕು, ಮಗುವಿನ ಬರಹದ ಮಾದರಿಗಳನ್ನು ಜೋಡಿಸಬೇಕು. ವರ್ಷಕ್ಕೊಮ್ಮೆ ಅರ್ಹರಾದ ಮೌಲ್ಯಮಾಪಕರು ಮಗುವನ್ನು ಮಾತನಾಡಿಸುತ್ತಾರೆ. ಪ್ರಾಥಮಿಕ ಹಂತಕ್ಕೆ ವರ್ಷಕ್ಕೆ 180 ದಿನ ಅಥವಾ 900 ಗಂಟೆ ಎಂಬ ಲೆಕ್ಕ ನನಗೆ ರುಚಿಸದು, ಗಂಟೆಗೂ ಗ್ರಹಿಕೆಗೂ ಏನು ಸಂಬಂಧ? ಆದರೆ ಆಗಿಂದಾಗ್ಗೆ ಬರೆಯಬೇಕೆಂಬ ನಿಯಮ ಅಪ್ಪಟ ಚಿನ್ನ.

ಬರೆದಿಟ್ಟರೆ ಮಗುವಿನ ಸ್ವಾತಂತ್ರ್ಯಕ್ಕೆ ಭಂಗವೆನ್ನುವವರು ಡಾರ್ವಿನ್ನನನ್ನು ನೆನೆಯಲಿ. 1839ರಲ್ಲಿ ಹುಟ್ಟಿದ ತನ್ನ ಚೊಚ್ಚಲ ಮಗನ ಬಗ್ಗೆ ಕಂಡದ್ದನ್ನು ಆತ ಆಗಲೇ ಬರೆದಿಟ್ಟಿದ್ದ. 1877ರಲ್ಲಿ ಅದರ ಆಧಾರದ ಮೇಲೆಯೇ ಶಿಶುವಿನ ಬೆಳವಣಿಗೆಯನ್ನು ಕುರಿತು ಲೇಖನ ಪ್ರಕಟಿಸಿದ. ಕೂಸಿನ ಕಾಲಿಗೆ ಅದರಿಂದ ಸಂಕೋಲೆ ಬೀಳಲಿಲ್ಲ.

ಸಮಯವಿಲ್ಲ ಎನ್ನಬೇಡಿ. ಇನ್ನೂರು ಪುಟದ ಒಂದು ನೋಟ್‌ಬುಕ್ ಸಾಕು. ಎಡಪುಟದಲ್ಲಿ ವಾರದ ಯೋಜನೆ, ಪೆನ್ಸಿಲಿನಲ್ಲಿ, ಅಳಿಸಲು ಅನುಕೂಲವಾಗುವಂತೆ. ಬಲಪುಟದಲ್ಲಿ ಅಂದಂದು ನಡೆದದ್ದು, ಶಾಯಿಯಲ್ಲಿ, ದಿನಕ್ಕೆ ಮೂರೇ ಸಾಲು. ಅದರಲ್ಲೊಂದು ಸಾಲು ಬಾರದ ವಿಷಯಕ್ಕೇ ಮೀಸಲು. ಪಾಠ ನಡೆಯದ ದಿನ 'ನಡೆಯಲಿಲ್ಲ' ಎಂದೇ ಬರೆಯಿರಿ. ಮಗುವಿಗೆ ಹನ್ನೆರಡು ತುಂಬಿದ ಮೇಲೆ ಬಲಪುಟವನ್ನು ಅದರ ಕೈಗೇ ಕೊಡಿ. ನಿಮಗೆ ಒಪ್ಪಿಗೆಯಾಗದ ಮಾತಿದ್ದರೆ ಅಂಚಿನಲ್ಲಿ ಬರೆಯಿರಿ, ಅದು ಬರೆದದ್ದನ್ನು ಹೊಡೆದುಹಾಕಬೇಡಿ.