ಪಟಗಾ ಇಳಿದ ಮೇಲೆ ತಲೆಯ ಚಿಂತೆ

ಹುನಗುಂದ, ಬಾದಾಮಿ ಸೀಮೆಯ ಹಳೆಯ ಫೋಟೊಗಳಲ್ಲಿ ಬೊಕ್ಕತಲೆಯವರು ಕಾಣುವುದು ಅಪರೂಪ. ಆಗ ಅಂಥವರು ಇರಲಿಲ್ಲವೆಂದಲ್ಲ; ತಲೆಯ ಮೇಲೆ ಪಟಗಾ ಇತ್ತು, ಇಲ್ಲವೇ ಬಿಳಿಯ ಗಾಂಧಿ ಟೋಪಿ ಇತ್ತು. ಸಂತೆಗಾಗಲಿ, ಬೀಗರ ಮನೆಗಾಗಲಿ ಬರಿದಲೆಯಲ್ಲಿ ಹೋಗುವುದು ಮರ್ಯಾದೆಯಾಗಿರಲಿಲ್ಲ. ಅಜ್ಜನ ನೆತ್ತಿ ಹೇಗಿದೆಯೆಂಬುದು ಎಷ್ಟೋ ಅಜ್ಜಿಯರಿಗೆ ಗೊತ್ತಾದದ್ದು ಅಕ್ಕಿಕಾಳು ಬಿದ್ದ ಮೇಲೆಯೇ. ಮೊಮ್ಮಗನಿಗೆ ಆ ಅನುಕೂಲವಿಲ್ಲ. ಅವನಿಗಿಂತ ಮೊದಲೇ ಅವನ ಫೋಟೊ ವಾಟ್ಸ್ಆ್ಯಪ್‌ನಲ್ಲಿ ಕನ್ಯಾದ ಮನೆ ಮುಟ್ಟುತ್ತದೆ. ಅಲ್ಲಿ ಯಾರೋ ಅತ್ತೆಯೊಬ್ಬಳು ಅದನ್ನು ಎರಡು ಬೆರಳಿನಿಂದ ಹಿಗ್ಗಿಸಿ, "ಹುಡುಗ ಚಲೋ ಅದಾನ ಖರೆ, ತಲಿ ಮ್ಯಾಲೆ ಕೂದ್ಲನ ಇಲ್ಲಲ್ಲ" ಅನ್ನುತ್ತಾಳೆ. ಅಲ್ಲಿಗೆ ಆ ಸಂಬಂಧ ಮುಗಿಯಿತು.

ಆದ್ದರಿಂದ ಇಳಕಲ್ಲಿನ ಇಪ್ಪತ್ತೆರಡರ ಹುಡುಗನೊಬ್ಬ ಹೇರ್ ಟ್ರಾನ್ಸ್‌ಪ್ಲಾಂಟ್ ಮಾಡಿಸಿಕೊಳ್ಳುತ್ತೇನೆ ಅಂದರೆ ಅದನ್ನು ಶೋಕಿಯೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. "ಗುಣಾ ನೋಡ್ತಾರೋ ತಮ್ಮಾ, ಕೂದ್ಲಾ ತಗೊಂಡು ಏನ್ ಮಾಡ್ತಿ" ಎಂದು ಬುದ್ಧಿ ಹೇಳುವ ಕಾಕಾನ ತಲೆಯ ತುಂಬ ಸಾಮಾನ್ಯವಾಗಿ ಕೂದಲು ಇರುತ್ತದೆ. ರಾಜ್ ಬಿ. ಶೆಟ್ಟಿ 2017ರಲ್ಲಿ ಮಾಡಿದ 'ಒಂದು ಮೊಟ್ಟೆಯ ಕಥೆ' ಮಂಗಳೂರಿನ ಬೊಕ್ಕತಲೆಯ ಕನ್ನಡ ಮೇಷ್ಟ್ರೊಬ್ಬನ ಹೆಣ್ಣು ಹುಡುಕಾಟದ ಕಥೆ. 2019ರಲ್ಲಿ ಅದೇ ಹಿಂದಿಗೆ 'ಉಜ್ಡಾ ಚಮನ್' ಆಗಿ ಹೋಯಿತು. ಕರಾವಳಿಯಲ್ಲೂ ದಿಲ್ಲಿಯಲ್ಲೂ ಅದಕ್ಕೆ ನೋಡುವವರು ಸಿಕ್ಕಿದರೆಂದರೆ ನೋವು ಒಂದೂರಿನದಲ್ಲ.

ಕೂದಲಿನ ಹುಚ್ಚು ಟಿವಿಯಿಂದ ಬಂದದ್ದು ಅನ್ನುವುದನ್ನೂ ನಾನು ಒಪ್ಪುವುದಿಲ್ಲ. ಬಾದಾಮಿಯ ಮೂರನೆಯ ಗುಹೆಗೆ ಹೋಗಿ ಕಂಬಗಳ ಮೇಲಿನ ಜೋಡಿಗಳನ್ನು ನೋಡಿ. 578ರಲ್ಲಿ ಮಂಗಳೇಶ ಮಾಡಿಸಿದ ಗುಹೆ ಅದು. ಕೇಶಾಲಂಕಾರದ ವಿಷಯದಲ್ಲಿ ಚಾಲುಕ್ಯ ಶಿಲ್ಪಿಗಳು ಜಿಪುಣತನ ಮಾಡಿಲ್ಲ. ನಾಲ್ಕನೆಯ ಗುಹೆಯಲ್ಲಿ ಎಲ್ಲವನ್ನೂ ಬಿಟ್ಟು ನಿಂತ ಬಾಹುಬಲಿಗೂ ಹೆಗಲ ಮೇಲೆ ಇಳಿಬಿದ್ದ ಕೂದಲು ಕೊಟ್ಟಿದ್ದಾರೆ. ಬನಶಂಕರಿ ಜಾತ್ರೆಯ ನಾಟಕ ಕಂಪನಿಗಳ ಮಾತಂತೂ ಬೇಡ, ವಿಗ್ಗಿಲ್ಲದ ರಾಜಕುಮಾರನನ್ನು ಅಲ್ಲಿ ಯಾರು ಒಪ್ಪುತ್ತಾರೆ?

ಇನ್ನು, ಈ ಚಿಕಿತ್ಸೆ ಮೋಸವಲ್ಲ. ಗಂಡಸರ ನೆತ್ತಿ ಮತ್ತು ಹಣೆಯ ಮೇಲಿನ ಕೂದಲಿನ ಬೇರುಗಳು ಡಿಎಚ್‌ಟಿ ಎಂಬ ಹಾರ್ಮೋನಿಗೆ ಸೋತು ಸಣ್ಣಗಾಗುತ್ತ ಹೋಗುತ್ತವೆ. ಹೆಡತಲೆಯ ಬೇರುಗಳು ಬಹುಮಟ್ಟಿಗೆ ಸೋಲುವುದಿಲ್ಲ. ಹೆಡತಲೆಯದನ್ನು ಕಿತ್ತು ಮುಂದೆ ನೆಟ್ಟರೂ ಅದು ತನ್ನ ಹಳೆಯ ಸ್ವಭಾವವನ್ನೇ ಉಳಿಸಿಕೊಳ್ಳುತ್ತದೆ ಎಂದು ನ್ಯೂಯಾರ್ಕಿನ ನಾರ್ಮನ್ ಒರೆಂಟ್ರೈಖ್ 1950ರ ದಶಕದಲ್ಲಿ ತೋರಿಸಿಕೊಟ್ಟರು. ಇಂದಿನ ಎಲ್ಲ ಕೂದಲು ಕಸಿ ನಿಂತಿರುವುದು ಆ ಒಂದು ಸಂಗತಿಯ ಮೇಲೆ. ಈಗ ಮಿಲಿಮೀಟರಿಗೂ ಸಣ್ಣ ತೂತು ಕೊರೆದು, ಒಂದರಿಂದ ನಾಲ್ಕು ಕೂದಲಿರುವ ಬುಡಗಳನ್ನು ಒಂದೊಂದಾಗಿ ತೆಗೆದು ನೆಡುತ್ತಾರೆ. ಅಂಥ ಒಂದೊಂದು ಬುಡವನ್ನೇ ಗ್ರಾಫ್ಟ್ ಅನ್ನುವುದು. ತಲೆಯನ್ನಷ್ಟೇ ಮರಗಟ್ಟಿಸಿ ಮಾಡುವ ದಿನವಿಡೀ ಕೆಲಸ. ಬಹಳಷ್ಟು ಮಂದಿ ಸಂಜೆ ನಡೆದುಕೊಂಡು ಮನೆಗೆ ಬರುತ್ತಾರೆ. ಬರುವ ಕೂದಲು ತಮ್ಮದೇ. ಎಣ್ಣೆ ಹಚ್ಚಬಹುದು, ಕ್ಷೌರ ಮಾಡಿಸಬಹುದು.

ತೊಡಕು ಇರುವುದು ಬೇರೆ ಕಡೆ. ಇಳಕಲ್ಲಿನ ನೇಕಾರರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಅವರ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಮಗ್ಗಕ್ಕೆ ಏರಿಸಿದ ಹಾಸು ಎಷ್ಟು ಉದ್ದವೋ ಅಷ್ಟೇ ಸೀರೆ, ನಡುವೆ ಕಡಿಮೆ ಬಿದ್ದರೆ ಎಲ್ಲಿಂದ ತರುವುದು? ಹೆಡತಲೆಯ ಕೂದಲೂ ಹಾಗೆಯೇ. ಸಾಮಾನ್ಯ ತಲೆಯಿಂದ ಇಡೀ ಜೀವಮಾನಕ್ಕೆ ತೆಗೆಯಬಹುದಾದದ್ದು ಸುಮಾರು 5,000ದಿಂದ 6,000 ಗ್ರಾಫ್ಟ್. ತೆಗೆದ ಜಾಗದಲ್ಲಿ ಮತ್ತೆ ಹುಟ್ಟುವುದಿಲ್ಲ. ಒಂದು ದೊಡ್ಡ ಸಲಕ್ಕೆ 2,000–3,000 ಹೋಗಿಬಿಡುತ್ತವೆ.

ಮೂವತ್ತೈದರವನು ಈ ಲೆಕ್ಕ ಹಾಕಬಲ್ಲ. ಅವನ ತಲೆ ಎಲ್ಲಿಗೆ ಬಂದು ನಿಲ್ಲುತ್ತದೆಂಬುದು ಆಗಲೇ ಅರ್ಧ ಕಂಡಿರುತ್ತದೆ. ಇಪ್ಪತ್ತೆರಡರವನಿಗೆ ಕಂಡಿರುವುದು ಹಣೆಯ ಎರಡು ಮೂಲೆ ಹಿಂದೆ ಸರಿದದ್ದು ಮಾತ್ರ. ವೈದ್ಯರು ಅಳೆಯುವ ನಾರ್ವುಡ್ ಪಟ್ಟಿಯಲ್ಲಿ ಏಳು ಹಂತಗಳಿವೆ. ಆ ಹುಡುಗ ಮೂರಕ್ಕೇ ನಿಲ್ಲುತ್ತಾನೋ ಏಳಕ್ಕೆ ಹೋಗುತ್ತಾನೋ ಎಂದು ಖಚಿತವಾಗಿ ಹೇಳುವ ಪರೀಕ್ಷೆ ಇಲ್ಲ. ಸೋದರಮಾವನ ತಲೆ ನೋಡು ಅನ್ನುವ ಹಿರಿಯರ ಮಾತಿನಲ್ಲಿ ಸ್ವಲ್ಪ ಸತ್ಯವುಂಟು, ತಾಯಿಯ ಕಡೆಯಿಂದ ಬರುವ ಒಂದು ಮುಖ್ಯ ಜೀನ್ ಇದರಲ್ಲಿದೆ. ಆದರೆ ಅಪ್ಪನ ಕಡೆಯದೂ ಸೇರುತ್ತದೆ. ಈಗ ಅವನ ಆಸೆಯಂತೆ ಕೆಳಗೆ, ಒತ್ತಾಗಿ, ಹದಿನೆಂಟರ ಹುಡುಗನ ಹಾಗೆ ಮುಂದಲೆ ನೆಟ್ಟರು ಎನ್ನೋಣ. ಹತ್ತು ವರ್ಷಕ್ಕೆ ಅದರ ಹಿಂದಿನ ಸ್ವಂತ ಕೂದಲು ಉದುರಿದರೆ ಮುಂದೆ ಒಂದು ಪಟ್ಟಿ ಉಳಿಯುತ್ತದೆ, ಅದರ ಹಿಂದೆ ಬಯಲು, ಅದನ್ನು ತುಂಬಲು ಹೆಡತಲೆಯಲ್ಲಿ ಸರಕಿಲ್ಲ. ಆಗ "ಬಿಡು, ಪೂರ್ತಿ ಬೋಳಿಸಿಬಿಡೋಣ" ಅನ್ನಲೂ ಕಷ್ಟ. ತೆಗೆದ ಜಾಗದಲ್ಲಿ ಬಿಳಿ ಚುಕ್ಕೆಗಳೋ, ಹಳೆಯ ಪದ್ಧತಿಯಾದರೆ ಉದ್ದನೆಯ ಗೆರೆಯೋ ಎದ್ದು ಕಾಣುತ್ತದೆ. ಬೋಳುತಲೆಗೆ ಇರುವ ಅತಿ ಅಗ್ಗದ ಪರಿಹಾರವನ್ನೂ ಹೀಗೆ ಅರ್ಧ ಕಳೆದುಕೊಂಡಂತೆ.

ಹುಡುಗನ ಉತ್ತರ ನನಗೆ ಗೊತ್ತು. "ನಲವತ್ತೈದಕ್ಕ ಕೂದ್ಲಾ ತಗೊಂಡು ಏನ್ ಮಾಡ್ಲಿ? ನನಗ ಬೇಕಾಗಿದ್ದು ಈಗ." ಇದು ಹಗುರವಾದ ಮಾತಲ್ಲ. ಮದುವೆ, ನೌಕರಿ, ಗೆಳೆಯರ ಬಳಗ, ಎಲ್ಲ ಕೂಡಿಬರುವ ಹತ್ತು ವರ್ಷ ತಲೆ ತಗ್ಗಿಸಿ ಓಡಾಡಿದವನಿಗೆ ಮುಂದೆ ಉಳಿದ ಗ್ರಾಫ್ಟ್‌ಗಳಿಂದ ಸಿಗುವ ಸಮಾಧಾನ ಅಷ್ಟರಲ್ಲೇ ಇದೆ. ಇದಕ್ಕೆ ಪೂರ್ತಿ ಉತ್ತರ ನನ್ನ ಹತ್ತಿರ ಇಲ್ಲ. ನಡುದಾರಿಯೊಂದಿದೆ, ಅದು ಔಷಧ.

ಅದಕ್ಕೂ ಮೊದಲು ಉದುರುತ್ತಿರುವುದು ಯಾತಕ್ಕೆ ಎಂದು ತಿಳಿಯಬೇಕು. ನಮ್ಮ ಕಡೆ ಎಲ್ಲದಕ್ಕೂ ಬೋರ್‌ವೆಲ್ಲಿನ ಸವಳು ನೀರೇ ಕಾರಣ. ಆ ನೀರು ಕೂದಲನ್ನು ಒರಟು ಮಾಡೀತು, ಆದರೆ ಮೂಲೆ ಹಿಂದೆ ಸರಿಸಿ ನೆತ್ತಿ ತೆರೆಸುವ ಕೆಲಸ ಅದರದಲ್ಲ. ಆಗಿದ್ದರೆ ಅದೇ ನೀರಲ್ಲಿ ಮೀಯುವ ಅಕ್ಕತಂಗಿಯರ ತಲೆಯೂ ಹಾಗೇ ಆಗಬೇಕಿತ್ತು. ಡೆಂಗಿ, ಟೈಫಾಯ್ಡ್ ಬಂದು ಹೋದ ಎರಡು ಮೂರು ತಿಂಗಳಿಗೆ ಕೂದಲು ಮುಷ್ಟಿಗಟ್ಟಲೆ ಉದುರುವುದುಂಟು. ಅದು ತಾನಾಗಿ ಮರಳುತ್ತದೆ, ಅದಕ್ಕೆ ಆಪರೇಷನ್ ಬೇಡವೇ ಬೇಡ. ಬಾಗಲಕೋಟೆಯ ಕುಮಾರೇಶ್ವರ ಆಸ್ಪತ್ರೆಯಂಥ ವೈದ್ಯಕೀಯ ಕಾಲೇಜಿನ ಚರ್ಮರೋಗ ವಿಭಾಗದಲ್ಲಿ ತೋರಿಸಿದರೆ ಈ ಬೇರೆಬೇರೆ ಕಾರಣಗಳು ಬೇಗ ಗೊತ್ತಾಗುತ್ತವೆ.

ವಂಶದಿಂದ ಬಂದದ್ದೇ ಆದರೆ ಮುಖ್ಯವಾಗಿ ಎರಡು ಔಷಧಗಳು. ಮಿನಾಕ್ಸಿಡಿಲ್ ಮೂಲತಃ ರಕ್ತದೊತ್ತಡದ ಮದ್ದು. ತಲೆಗೆ ಹಚ್ಚುವ ರೂಪಕ್ಕೆ 1988ರಲ್ಲಿ ಅಮೆರಿಕದ ಒಪ್ಪಿಗೆ ಸಿಕ್ಕಿತು. ಫಿನಾಸ್ಟೆರೈಡ್ ಗುಳಿಗೆಗೆ 1997ರಲ್ಲಿ. ಎರಡೂ ಇರುವುದನ್ನು ಉಳಿಸುವುದರಲ್ಲಿ ಗಟ್ಟಿ, ಹೋದದ್ದನ್ನು ತರುವುದರಲ್ಲಿ ಅಷ್ಟಕ್ಕಷ್ಟೆ. ಬಿಟ್ಟರೆ ಉಳಿಸಿದ್ದೂ ಹೋಗುತ್ತದೆ. ಫಿನಾಸ್ಟೆರೈಡ್ ಬಗ್ಗೆ ಹುಡುಗರಲ್ಲಿ ಹೆದರಿಕೆಯಿದೆ. ಮೂಲ ಪ್ರಯೋಗಗಳಲ್ಲಿ ಲೈಂಗಿಕ ತೊಂದರೆ ಹೇಳಿಕೊಂಡವರು ನೂರಕ್ಕೆ ಸುಮಾರು 4 ಮಂದಿ, ಬರೀ ಹುಸಿಗುಳಿಗೆ ನುಂಗಿದವರಲ್ಲೂ ಸುಮಾರು 2 ಮಂದಿ. ಆತ್ಮಹತ್ಯೆಯ ಯೋಚನೆ ಇದರ ಅಡ್ಡಪರಿಣಾಮವೆಂದು ಯುರೋಪಿನ ಔಷಧ ನಿಯಂತ್ರಕರು 2025ರಲ್ಲಿ ದೃಢಪಡಿಸಿದ್ದಾರೆ. ಆದ್ದರಿಂದ ಮೊದಲೇ ಮನಸ್ಸು ಕುಗ್ಗಿದವನು ಇದನ್ನು ಡಾಕ್ಟರಿಗೆ ಹೇಳದೆ ಔಷಧದ ಅಂಗಡಿಯಿಂದ ತಂದು ನುಂಗಬಾರದು. ಇನ್ನೊಂದು: ಕಸಿ ಮಾಡಿಸಿಕೊಂಡರೆ ಔಷಧ ತಪ್ಪಿತು ಅಂದುಕೊಳ್ಳುತ್ತಾರೆ. ತಪ್ಪುವುದಿಲ್ಲ. ನೆಡದೆ ಉಳಿದ ಸ್ವಂತ ಕೂದಲಿಗೆ ಅದು ಬೇಕೇ ಬೇಕು.

ಇನ್ನು ಜೀವದ ಅಪಾಯದ ಮಾತು. 2016ರಲ್ಲಿ ಚೆನ್ನೈಯಲ್ಲಿ 22ರ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಕಸಿ ಮಾಡಿಸಿಕೊಳ್ಳಲು ಹೋಗಿ ತೀರಿಕೊಂಡ. ಕಾನ್ಪುರದಲ್ಲಿ ಇಬ್ಬರು ಎಂಜಿನಿಯರುಗಳ ಸಾವು 2025ರಲ್ಲಿ ಸುದ್ದಿಯಾಯಿತು. ದೇಶದಲ್ಲಿ ನಡೆಯುವ ಕಸಿಗಳ ರಾಶಿಯಲ್ಲಿ ಇಂಥವು ತೀರ ಕಡಿಮೆ, ಅದನ್ನೇ ಹಿಡಿದು ಹೆದರಿಸುವುದು ಸರಿಯಲ್ಲ. ಆದರೆ ಯಾರ ಕೈಯಲ್ಲಿ ಅನ್ನುವ ಪ್ರಶ್ನೆ ದೊಡ್ಡದು. ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರ ಸೆಪ್ಟೆಂಬರಿನಲ್ಲಿ ಮಾರ್ಗಸೂಚಿ ಹೊರಡಿಸಿ, ಕಾರ್ಯಾಗಾರದಲ್ಲಿ ಕೂತೋ ಯೂಟ್ಯೂಬ್ ನೋಡಿಯೋ ಕಲಿತದ್ದು ಸಾಲದು, ಇದು ತರಬೇತಾದ ವೈದ್ಯರ ಕೆಲಸ ಎಂದು ಹೇಳಬೇಕಾಯಿತೆಂದರೆ ಆಗ ಏನು ನಡೆಯುತ್ತಿತ್ತು ಎಂದು ಊಹಿಸಬಹುದು. ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗುವವನು ಕ್ಲಿನಿಕ್ಕಿನಲ್ಲಿ ಸೋಫಾ ನೋಡುವ ಮೊದಲು ರಾಜ್ಯದ ಖಾಸಗಿ ಆಸ್ಪತ್ರೆ ಕಾಯ್ದೆಯ (ಕೆಪಿಎಂಇ) ನೋಂದಣಿ ನೋಡಲಿ. ತೂತು ಕೊರೆಯುವವರು ಡಾಕ್ಟರೋ ಟೆಕ್ನಿಷಿಯನ್ನೋ ಎಂದು ಬಾಯಿಬಿಟ್ಟು ಕೇಳಲಿ. ಗ್ರಾಫ್ಟ್‌ಗೆ ಇಷ್ಟು ಎಂದು ದರ ಹೇಳುವ ಕಡೆ ಹೆಚ್ಚು ಗ್ರಾಫ್ಟ್ ಕೀಳುವುದರಲ್ಲೇ ಲಾಭ, ಇದನ್ನು ಮರೆಯಬಾರದು. ಸರ್ಕಾರ ಇದನ್ನು ಚಿಕಿತ್ಸೆಯೆಂದು ಎಣಿಸಿ ಜಿಎಸ್‌ಟಿ ಬಿಡುವುದೂ ಇಲ್ಲ, 18% ಕಟ್ಟಬೇಕು.

ಏನೂ ಮಾಡದಿರುವ ದಾರಿಯೂ ಇದೆ. ಅದನ್ನು ಸೋಲೆಂದು ತಿಳಿಯಬೇಕಿಲ್ಲ. ಬೆಂಗಳೂರಿನ ಬಸ್ ಕಂಡಕ್ಟರಾಗಿದ್ದ ರಜನಿಕಾಂತ್ ತೆರೆಯ ಮೇಲೆ ವಿಗ್ ಹಾಕಿ, ತೆರೆಯ ಹೊರಗೆ ಬೋಳುತಲೆಯಲ್ಲೇ ಬಂದು ನಿಲ್ಲುತ್ತಾರೆ. ಹೌದು, ಅವರಿಗೆ ಕನ್ಯಾ ಹುಡುಕಬೇಕಿಲ್ಲ. ಆದರೆ ಹಾಗೆ ಸುಮ್ಮನಿರಲು ಬಿಡದ ಚಟವೊಂದಿದೆ. ಇಳಕಲ್ಲಿನ ಮಠದ ಮಹಾಂತಪ್ಪಗಳು ಜೋಳಿಗೆ ಹಿಡಿದು ಮನೆಮನೆಯ ದುಶ್ಚಟ ಬೇಡಿ ತಂದರು. ಮೊಬೈಲ್ ಎತ್ತಿ ಹಿಡಿದು ದಿನವೂ ನೆತ್ತಿಯ ಫೋಟೊ ತೆಗೆಯುವ ಚಟ ಆಮೇಲೆ ಹುಟ್ಟಿತು. ಅದು ಹತ್ತಿದವನಿಗೆ ನೆಟ್ಟ ಕೂದಲೂ ಸಾಕೆನ್ನಿಸುವುದಿಲ್ಲ, ಅವನಿಗೆ ಮೊದಲು ಬೇಕಾದ್ದು ಮನೋವೈದ್ಯರು.

ನನ್ನ ತೂಕ ಎತ್ತ ಅಂದರೆ, ಇಪ್ಪತ್ತೈದರೊಳಗೆ ಕಸಿ ಬೇಡ. ವರ್ಷವೆರಡು ವರ್ಷ ಔಷಧ ನೋಡಲಿ, ಆರು ತಿಂಗಳಿಗೊಮ್ಮೆ ಅದೇ ಬೆಳಕಿನಲ್ಲಿ ಫೋಟೊ ತೆಗೆದಿಡಲಿ. ಮೂವತ್ತರ ಹತ್ತಿರ ಬಂದು, ಉದುರುವುದು ಹದಕ್ಕೆ ನಿಂತು, ದುಡಿದ ದುಡ್ಡು ಕೈಯಲ್ಲಿದ್ದು, ಮುಂದಲೆಯನ್ನು ವಯಸ್ಸಿಗೆ ತಕ್ಕಂತೆ ಮೇಲೆಯೇ ಇಡಲು ಒಪ್ಪಿದರೆ ಮಾಡಿಸಿಕೊಳ್ಳಲಿ, ಯಾರ ಅಪ್ಪಣೆಯೂ ಬೇಡ. ಕೈಸಾಲ ಮಾಡಿ ಬೇಡ. ಲಗ್ನದ ತಾರೀಖು ಗೊತ್ತಾದ ಮೇಲಂತೂ ಬೇಡ: ನೆಟ್ಟದ್ದು ಮೊದಲ ಕೆಲವು ವಾರಗಳಲ್ಲಿ ಉದುರಿ, ಹೊಸದು ಮೂರು ನಾಲ್ಕು ತಿಂಗಳಿಗೆ ಮೊಳೆತು, ತಲೆ ತಲೆಯಂತೆ ಕಾಣಲು ವರ್ಷ ಬೇಕು. ಅಕ್ಕಿಕಾಳಿನ ದಿನ ಅವನು ಮೊದಲಿಗಿಂತ ಬೋಳಾಗಿ ನಿಂತಿರುತ್ತಾನೆ.