ಐದು ಸಾವಿರದಲ್ಲಿ ಅಡುಗೆಮನೆ ಚೆಂದ ಆಗುತ್ತಾ?

ಈ ಸಲ ಬಂದ ಪತ್ರಗಳಲ್ಲಿ ಒಂದನ್ನು ಬೇರೆಯಾಗಿ ಎತ್ತಿಟ್ಟುಕೊಂಡೆ. ಬೆಂಗಳೂರಿನ ಬಾಡಿಗೆ ಮನೆ. ಅಡುಗೆಮನೆ 8 ಅಡಿ ಉದ್ದ, 6 ಅಡಿ ಅಗಲ. ಕಡಪ ಕಲ್ಲಿನ ಕಟ್ಟೆ, ಮೇಲೆ ಬಾಗಿಲಿಲ್ಲದ ಕಲ್ಲಿನ ಶೆಲ್ಫು, ಕೆಳಗೆ ಸಿಲಿಂಡರ್, ಅಕ್ಕಿ ಡ್ರಮ್ಮು, ಈರುಳ್ಳಿ ಬುಟ್ಟಿ. ಮುಂದಿನ ತಿಂಗಳು ಅದೇ ಮನೆಯಲ್ಲಿ ನಾದಿನಿಗೆ ಬಳೆ ತೊಡಿಸುವ ಶಾಸ್ತ್ರ. "ಬಂದವರೆಲ್ಲ ನೇರ ಅಡುಗೆಮನೆಗೇ ಬರ್ತಾರೆ ಮೇಡಂ, ನಂಗೆ ಸಂಕೋಚ. ನಮ್ಮನೆಯವರು ಲೋನ್ ತಗೊಂಡು ಮಾಡ್ಯುಲರ್ ಮಾಡ್ಸೋಣ ಅಂತಿದ್ದಾರೆ. ನನ್ನ ಹತ್ರ ಬ್ಲೌಸ್ ಹೊಲಿದು ಕೂಡಿಟ್ಟ 5,000 ಇದೆ. ಅಷ್ಟರಲ್ಲಿ ಏನಾದ್ರೂ ಆಗುತ್ತಾ?"

ಆಗುತ್ತೆ. ಲೋನ್ ವಿಷಯ ಮೊದಲೇ ಹೇಳಿಬಿಡ್ತೀನಿ, ನಿಮ್ಮ ಯಜಮಾನರಿಗೂ ಓದಿ ಹೇಳಿ. ಮಾಡ್ಯುಲರ್ ಕಪಾಟುಗಳನ್ನು ಆ ಗೋಡೆಯ ಅಳತೆಗೇ ಕತ್ತರಿಸಿ ಕೂರಿಸ್ತಾರೆ. ನಾಳೆ ಓನರ್ ಮನೆ ಬಿಡಿ ಅಂದರೆ ಕಪಾಟು ಅಲ್ಲೇ ಉಳಿಯುತ್ತೆ, ಕಂತು ಮಾತ್ರ ನಿಮ್ಮ ಜೊತೆ ಹೊಸ ಮನೆಗೆ ಬರುತ್ತೆ. ಸ್ವಂತ ಮನೆ ಆದಾಗ ಮಾಡಿಸಿಕೊಳ್ಳಿ, ಸಂತೋಷ.

ಕೊಳ್ಳೋದಕ್ಕಿಂತ ಮುಂಚೆ ಒಂದು ಭಾನುವಾರ ಅಡುಗೆಮನೆಯ ಸಾಮಾನೆಲ್ಲ ಹಾಲ್‌ಗೆ ತಂದು ಹರಡಿ. ಹಿಡಿ ಮುರಿದ ಬಾಣಲೆ, ಮುಚ್ಚಳ ಇಲ್ಲದ ಡಬ್ಬಿ, ಹಬ್ಬದಲ್ಲಿ ಫ್ರೀ ಬಂದ ಪ್ಲಾಸ್ಟಿಕ್ ಬಟ್ಟಲು, ಇವೆಲ್ಲ ಹೋಗಲಿ. ಹಳೇ ಸ್ಟೀಲು, ಅಲ್ಯೂಮಿನಿಯಂ ಪಾತ್ರೆ ಗುಜರಿಯವನಿಗೆ ಕೊಟ್ಟರೆ ನಾಲ್ಕು ಕಾಸು ಬರುತ್ತೆ, ಬಜೆಟ್‌ಗೆ ಸೇರಿಸ್ಕೊಳ್ಳಿ.

ಆಮೇಲೆ ಟೈಲ್ಸ್. ಹಳೇ ಟೈಲ್ಸ್ ಕೊಳಕಾಗಿ ಕಾಣೋದು ಟೈಲ್ಸ್‌ನಿಂದಲ್ಲ, ಮಧ್ಯದ ಗೆರೆಗಳಿಂದ. ಎಣ್ಣೆ, ಒಗ್ಗರಣೆ ಹೊಗೆ ಎಲ್ಲ ಅಲ್ಲೇ ಕೂತು ಗೆರೆ ಕಪ್ಪಾಗಿರುತ್ತೆ. ಬಿಸಿನೀರಿಗೆ ಬಟ್ಟೆ ಸೋಡಾ ಹಾಕಿ, ಕೈಗೆ ಗ್ಲೌಸ್ ತೊಟ್ಟು, ಹಳೇ ಟೂತ್‌ಬ್ರಶ್‌ನಲ್ಲಿ ಉಜ್ಜಿ ತೊಳೆಯಿರಿ. ಪೂರ್ತಿ ಒಣಗಿದ ಮೇಲೆ ಬಿಳಿ ಸಿಮೆಂಟನ್ನು ದೋಸೆ ಹಿಟ್ಟಿಗಿಂತ ಗಟ್ಟಿ ಕಲಸಿ, ಬೆರಳಲ್ಲಿ ಗೆರೆಗಳಿಗೆ ತುಂಬಿ, ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಿಬಿಡಿ. ಒಂದು ಕೇಜಿ ಪ್ಯಾಕೆಟ್ ನಿಮ್ಮ ಅಳತೆಗೆ ಧಾರಾಳ. ಇಷ್ಟಕ್ಕೇ ನೋಡಿದವರು "ಟೈಲ್ಸ್ ಹೊಸದಾ?" ಅಂತ ಕೇಳ್ತಾರೆ. ಆದರೆ ಕಟ್ಟೆ ಮೇಲೆ ನಿಂಬೆಹಣ್ಣು, ವಿನೆಗರ್ ಹಾಕಿ ಉಜ್ಜಬೇಡಿ. ಕಡಪ ಸುಣ್ಣದ ಜಾತಿಯ ಕಲ್ಲು. ಹುಳಿ ಬಿದ್ದ ಕಡೆ ಹೊಳಪು ಹೋಗಿ ಮಂಕು ಕಲೆ ನಿಲ್ಲುತ್ತೆ. ಹುಣಸೆಹಣ್ಣು ಚೆಲ್ಲಿದರೂ ತಕ್ಷಣ ಒರೆಸಬೇಕು.

ಟೈಲ್ಸ್‌ನ ಮೇಲಿನ ಗೋಡೆಗೆ ಬಣ್ಣ. ಓನರ್ ಹತ್ರ ಒಂದು ಮಾತು ಕೇಳಿ, ನಿಮ್ಮ ಖರ್ಚಲ್ಲಿ ಅವರ ಗೋಡೆ ಚೆಂದ ಆಗೋದಾದ್ರೆ ಬೇಡ ಅನ್ನೋರು ಕಮ್ಮಿ. ಡಿಸ್ಟೆಂಪರ್ ಅಗ್ಗ ನಿಜ, ಆದರೆ ಅಡುಗೆಮನೆಗೆ ಬೇಡ. ಎಣ್ಣೆ ಹಾರಿದ್ದನ್ನು ಒರೆಸಿದರೆ ಬಣ್ಣವೂ ಬಟ್ಟೆಗೇ ಬರುತ್ತೆ. ಎನಾಮಲ್ ಪೇಂಟ್ ತಗೊಳ್ಳಿ, ನಿಮ್ಮ ಗೋಡೆಗೆ 2 ಲೀಟರ್ ಸಾಕಾದೀತು. ಅಚ್ಚ ಬಿಳಿ ಬೇಡ, ಮಜ್ಜಿಗೆ ಬಿಳಿ ಅಥವಾ ತಿಳಿ ಬೆಣ್ಣೆ ಬಣ್ಣ ಇರಲಿ. ಕಪ್ಪು ಕಟ್ಟೆಗೂ ಸ್ಟೀಲ್ ಪಾತ್ರೆಗೂ ಅದು ಒಪ್ಪುತ್ತೆ. ಗೋಡೆಯ ಜಿಡ್ಡು ಸೋಡಾ ನೀರಲ್ಲಿ ತೆಗೆಯದೆ ಬಳಿದರೆ ಬಣ್ಣ ಹಿಡಿಯೋದೇ ಇಲ್ಲ, ಸಿಪ್ಪೆ ಏಳುತ್ತೆ. ಪೇಂಟು, ಟರ್ಪೆಂಟೈನ್ ಎರಡರ ಆವಿಗೂ ಬೆಂಕಿ ಹತ್ತುತ್ತೆ, ಹಾಗಾಗಿ ಆ ದಿನ ಒಲೆ ಹಚ್ಚುವ ಹಾಗಿಲ್ಲ, ಹೋಟೆಲ್ ಊಟ. ಬಸುರಿ ಹೆಣ್ಣುಮಗಳು ಬರೋ ಮನೆ, ವಾಸನೆ ಪೂರ್ತಿ ಹೋಗಿರಬೇಕು. ಶಾಸ್ತ್ರಕ್ಕೆ ಹದಿನೈದು ದಿನ ಮೊದಲೇ ಈ ಕೆಲಸ ಮುಗಿಸಿ, ಕಿಟಕಿ ತೆಗೆದಿಡಿ.

ಅಂಟಿಸುವ ವಾಲ್‌ಪೇಪರ್ ಬಗ್ಗೆ ತುಂಬಾ ಜನ ಕೇಳ್ತಾರೆ. ಬೀರು ಬಾಗಿಲಿಗೆ, ಡಬ್ಬಿಗೆ ಅಂಟಿಸಿ, ಪರವಾಗಿಲ್ಲ. ಒಲೆ ಹಿಂದೆ ಮಾತ್ರ ಬೇಡ. ಅದು ಪ್ಲಾಸ್ಟಿಕ್, ಶಾಖಕ್ಕೆ ಸುರುಟಿಕೊಳ್ಳುತ್ತೆ, ಉರಿ ತಾಗಿದರೆ ಹತ್ತಿಕೊಳ್ಳುತ್ತೆ.

ಇನ್ನು ಬೆಳಕು. ನನ್ನನ್ನು ಕೇಳಿದರೆ ಅರ್ಧ ಅಲಂಕಾರ ಇಲ್ಲೇ ಇದೆ. ನಮ್ಮ ಮನೆಗಳಲ್ಲಿ ಟ್ಯೂಬ್‌ಲೈಟು ಯಾವಾಗಲೂ ನಮ್ಮ ಬೆನ್ನ ಹಿಂದೆ ಇರುತ್ತೆ. ಕಟ್ಟೆ ಮುಂದೆ ನಿಂತು ತರಕಾರಿ ಹೆಚ್ಚುವಾಗ ನಮ್ಮ ನೆರಳೇ ಈಳಿಗೆಮಣೆ ಮೇಲೆ, ಬೆರಳು ಎಲ್ಲಿ ಬೀನ್ಸ್ ಎಲ್ಲಿ ಗೊತ್ತಾಗಲ್ಲ. ಅಕ್ಕಿ ಆರಿಸೋಕೆ ಹಾಲ್‌ಗೆ ಎದ್ದು ಹೋಗೋದು ಇದಕ್ಕೇ. ಶೆಲ್ಫಿನ ತಳಕ್ಕೆ, ಮುಂದಿನ ಅಂಚಿನ ಹತ್ತಿರ, 2 ಅಡಿಯ ಎಲ್‌ಇಡಿ ಪಟ್ಟಿ ಒಂದು ಹಾಕಿಸಿ. ಬೆಳಕು ನೇರ ಕೈಯ ಮೇಲೆ ಬೀಳುತ್ತೆ. ಸಿಂಕಿನಿಂದ ದೂರ ಇರಲಿ, ವೈರು ಒಲೆಯ ಮೇಲೆ ಹಾಯದಿರಲಿ. ಕೊಳ್ಳುವಾಗ ಡಬ್ಬದ ಮೇಲೆ ಕೆಲ್ವಿನ್ ಲೆಕ್ಕ ನೋಡಿ: 6500 ಅಂದರೆ ಆಸ್ಪತ್ರೆಯ ನೀಲಿಬಿಳಿ, 3000 ಅಂದರೆ ದೀಪದ ಹಳದಿ, 4000 ಎರಡರ ನಡುವೆ. ಅಡುಗೆಮನೆಗೆ ನಾನು ಹೇಳೋದು 4000. ಸಾರಿನ ಬಣ್ಣ ಇದ್ದ ಹಾಗೇ ಕಾಣುತ್ತೆ, ತಾಮ್ರ ಹಿತ್ತಾಳೆಯೂ ಮಿನುಗುತ್ತೆ.

ಬಾಗಿಲಿಲ್ಲದ ಶೆಲ್ಫನ್ನು ಮುಚ್ಚೋಕೆ ಹೋಗಬೇಡಿ, ಅದನ್ನೇ ಶೋಕೇಸ್ ಮಾಡ್ಕೊಳ್ಳಿ. ಕಣ್ಣಿಗೆ ಗಲಿಬಿಲಿ ಆಗೋದು ಹತ್ತು ಬಣ್ಣದ ಡಬ್ಬಿಗಳಿಂದ. ಹಾರ್ಲಿಕ್ಸ್, ಕಾಫಿ, ಜಾಮ್ ಬಾಟಲಿಗಳು ನಿಮ್ಮ ಮನೇಲಿ, ಪಕ್ಕದ ಮನೇಲಿ, ಅಮ್ಮನ ಮನೇಲಿ ಇದ್ದೇ ಇರುತ್ತೆ. ಬಿಸಿನೀರಲ್ಲಿ ನೆನೆಸಿ ಲೇಬಲ್ ತೆಗೆಯಿರಿ. ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ, ಅಡುಗೆ ಸೋಡಾ ಕಲಸಿ ಉಜ್ಜಿದರೆ ಬಿಡುತ್ತೆ. ಮುಚ್ಚಳಗಳ ಹೊರಮೈಗೆಲ್ಲ ಒಂದೇ ಬಣ್ಣ, ಗೋಡೆಗೆ ಉಳಿದ ಪೇಂಟೇ ಸಾಕು. ತೊಗರಿಬೇಳೆ, ಹೆಸರುಕಾಳು, ರಾಗಿ, ಕೆಂಪಕ್ಕಿ ಸಾಲಾಗಿ ಗಾಜಿನಲ್ಲಿ ನಿಂತರೆ ಅದಕ್ಕಿಂತ ಅಲಂಕಾರ ಬೇಕಾ? ಅಚ್ಚ ಖಾರದಪುಡಿ, ಸಾರಿನಪುಡಿ, ಕಾಫಿಪುಡಿ ಮಾತ್ರ ಸ್ಟೀಲ್ ಡಬ್ಬಿಯಲ್ಲೇ ಇರಲಿ. ಬೆಳಕಿಗೆ ಇಟ್ಟರೆ ಬಣ್ಣವೂ ಹೋಗುತ್ತೆ, ಘಮವೂ ಹೋಗುತ್ತೆ. ಸೌಟು, ಜಾಲರಿ, ಇಕ್ಕಳ ಎಲ್ಲ ಒಂದು ಸ್ಟೀಲ್ ಕಂಬಿಗೆ ಕೊಕ್ಕೆ ಹಾಕಿ ನೇತುಬಿಟ್ಟರೆ ಕಟ್ಟೆ ಖಾಲಿಯಾಗುತ್ತೆ.

ಕಟ್ಟೆಯ ಕೆಳಗೆ ಪರದೆ. ಅಂಗಡಿ ಬಟ್ಟೆ ಬೇಡ, ಟೈಲರ್ ನೀವು, ಹಳೇ ಇಳಕಲ್ ಸೀರೆ ಇದ್ದರೆ ಕೆಂಪು ಅಂಚು ಕೆಳಗೆ ಬರುವ ಹಾಗೆ ಹೊಲಿದು ಸ್ಪ್ರಿಂಗ್ ವೈರಿಗೆ ಪೋಣಿಸಿ. ನೂಲಿನ ಸೀರೆಯೇ ಆಗಬೇಕು, ಪಾಲಿಯೆಸ್ಟರ್ ಉರಿದರೆ ಕರಗಿ ಮೈಗೆ ಅಂಟುತ್ತೆ. ಪರದೆ ಡ್ರಮ್ಮು, ಬುಟ್ಟಿ ಇರುವ ಭಾಗಕ್ಕೆ ಮಾತ್ರ. ಸಿಲಿಂಡರ್ ಮುಂದೆ ಬೇಡವೇ ಬೇಡ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ಮೇಲೆ ಹೋಗದೆ ನೆಲದ ಮಟ್ಟದಲ್ಲೇ ಮಡುಗಟ್ಟಿ ನಿಲ್ಲುತ್ತೆ. ಪರದೆಯೋ ಕಪಾಟಿನ ಬಾಗಿಲೋ ಅದನ್ನು ತಡೆದು ಹಿಡಿದರೆ ಒಂದು ಕಿಡಿ ಸಾಕು. ಎಷ್ಟೋ ಚೆಂದದ ಅಡುಗೆಮನೆ ಫೋಟೋಗಳಲ್ಲಿ ಸಿಲಿಂಡರ್ ಬಚ್ಚಿಟ್ಟಿರೋದು ನೋಡಿ ನನಗೆ ಎದೆ ಧಸಕ್ ಅನ್ನುತ್ತೆ. ಅದು ಕಾಣಲಿ ಬಿಡಿ. ಬಂದ ನೆಂಟರ ಮನೇಲೂ ಸಿಲಿಂಡರ್ ಇದೆ.

ಒಂದೇ ಒಂದು ಶೋ ಪೀಸ್ ಬೇಕು ಅಂದ್ರೆ ಊರಿಂದ ತರಿಸಿ. ಅಟ್ಟದ ಮೇಲೆ ಅತ್ತೆಯವರ ತಾಮ್ರದ ಚೊಂಬು, ಹಿತ್ತಾಳೆ ಚಕ್ಕುಲಿ ಒರಳು, ಉಪ್ಪಿನಕಾಯಿಯ ಪಿಂಗಾಣಿ ಭರಣಿ ಇರಬಹುದು. ಹುಣಸೆಹಣ್ಣು, ಉಪ್ಪು ಹಾಕಿ ಚೊಂಬು ಬೆಳಗಿ (ಕಟ್ಟೆ ಮೇಲಲ್ಲ, ಬಚ್ಚಲಲ್ಲಿ!). ಮೂರು ಸಾಮಾನು ಇಟ್ಟರೆ ಅಲಂಕಾರ, ಹದಿನೈದು ಇಟ್ಟರೆ ಪಾತ್ರೆ ಅಂಗಡಿ.

ಗೋಡೆಗೆ ಚಿತ್ರ ಬೇಕಾದರೆ ಹಸೆ ಚಿತ್ತಾರ ಪ್ರಯತ್ನಿಸಿ. ಸಾಗರ ಸೀಮೆಯ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಿಂದ ಮದುವೆಗೆ ಬರೆಯುವ ಚಿತ್ತಾರ ಅದು. ಪೂರ್ತಿ ಹಸೆ ಬರೆಯೋಕೆ ಪಳಗಿದ ಕೈ ಬೇಕು. ಒಂದು ಎಳೆ ಗೆರೆ, ತ್ರಿಕೋನದ ಸಾಲು ನಾವೂ ಬರೀಬಹುದು. ಗೋಡೆಗೆ ಬೇಡ, ಒಂದೂವರೆ ಅಡಿಯ ಪ್ಲೈವುಡ್ ತುಂಡಿಗೆ ಇಟ್ಟಿಗೆ ಕೆಂಪು ಬಳಿದು ಬರೆಯಿರಿ. ಮನೆ ಬಿಟ್ಟಾಗ ಜೊತೆಗೆ ಬರುತ್ತೆ. ಕಿಟಕೀಲಿ ಒಂದು ದೊಡ್ಡಪತ್ರೆ ಕುಂಡ ಇಡಿ, ಕಡ್ಡಿ ಮುರಿದು ನೆಟ್ಟರೂ ಚಿಗುರುತ್ತೆ, ದುಡ್ಡು ಬೇಡ.

ಈಗ ಲೆಕ್ಕ. ಬೆಲೆ ಅಂಗಡಿಯಿಂದ ಅಂಗಡಿಗೆ ಹೆಚ್ಚುಕಮ್ಮಿ ಇರುತ್ತೆ, ನಾನು ಅಂದಾಜು ಹೇಳ್ತಿದ್ದೀನಿ. ಸಿಮೆಂಟು, ಸೋಡಾ, ಬ್ರಶ್ಶು 250. ಪೇಂಟು 800. ಲೈಟು 350. ಕಂಬಿ, ಕೊಕ್ಕೆ 400. ಸ್ಪ್ರಿಂಗ್ ವೈರು 150. ಪ್ಲೈವುಡ್, ಕೆಂಪು ಬಣ್ಣ 200. ಒಟ್ಟು 2,150. ಪೇಂಟರ್ ಕರೆಸದೆ ನೀವಿಬ್ಬರೇ ಬಳಿದರೆ ಇಷ್ಟು. ಯಜಮಾನರಿಗೆ ಲೋನ್ ತರುವಷ್ಟು ಹುಮ್ಮಸ್ಸು ಇದೆಯಲ್ಲ, ಬ್ರಶ್ ಅವರ ಕೈಗೆ ಕೊಡಿ.

ಉಳಿದ 2,850ರಲ್ಲಿ ಮೊದಲು ಗ್ಯಾಸ್ ಪೈಪ್ ತಿರುಗಿಸಿ ಅದರ ಮೇಲಿನ ದಿನಾಂಕ ನೋಡಿ. ಕಿತ್ತಳೆ ಬಣ್ಣದ ಸುರಕ್ಷಾ ಪೈಪನ್ನು 5 ವರ್ಷಕ್ಕೊಮ್ಮೆ ಬದಲಾಯಿಸಬೇಕು, ಸಿಲಿಂಡರ್ ಏಜೆನ್ಸಿಯಲ್ಲೇ ಸಿಗುತ್ತೆ. ಆಮೇಲೆ ಕಿಟಕಿಯ ಮೇಲೆ ದುಂಡನೆ ತೂತು ಇದ್ದರೆ ಒಂದು ಚಿಕ್ಕ ಎಕ್ಸಾಸ್ಟ್ ಫ್ಯಾನ್ ಹಾಕಿಸಿ. ಶಾಸ್ತ್ರದ ದಿನ ಆ 6 ಅಡಿಯಲ್ಲಿ ಒಬ್ಬಟ್ಟು ಬೇಯಿಸ್ತಾ ನಿಲ್ಲೋರು ನೀವೇ ತಾನೆ.