ಬಂದವರ ಲೆಕ್ಕ, ಉಳಿದವರ ಲೆಕ್ಕ

2026ರಲ್ಲಿ ಕೆನಡಾ ಎಷ್ಟು ಮಂದಿ ಹೊಸ ವಿದೇಶಿ ವಿದ್ಯಾರ್ಥಿಗಳನ್ನು ಬಿಟ್ಟುಕೊಳ್ಳುತ್ತದೆ? 2024ರ ಅಕ್ಟೋಬರ್‌ನಲ್ಲಿ ಅಲ್ಲಿನ ಸರ್ಕಾರ ಕೊಟ್ಟ ಉತ್ತರ 3,05,900. ವರ್ಷ ಕಳೆದು 2025ರ ನವೆಂಬರ್‌ನಲ್ಲಿ ಅದೇ ಪಕ್ಷದ ಸರ್ಕಾರ ಅದೇ ಪ್ರಶ್ನೆಗೆ ಕೊಟ್ಟ ಉತ್ತರ 1,55,000. ಈ ಎರಡು ಉತ್ತರಗಳ ನಡುವಿನ ಹನ್ನೆರಡು ತಿಂಗಳಲ್ಲಿ ಬೆಂಗಳೂರಿನ ಹೊಸಹಳ್ಳಿ, ವಿಜಯನಗರ, ಬಸವೇಶ್ವರನಗರದ ಮನೆಗಳಲ್ಲಿ ಏನೇನು ನಡೆದಿರಬಹುದು ಎಂದು ಊಹಿಸಲು ಕಷ್ಟಪಡಬೇಕಿಲ್ಲ. ಬಿ.ಇ. ಕೊನೆಯ ವರ್ಷದಲ್ಲಿರುವ ಮಗನೋ ಮಗಳೋ ಐಇಎಲ್‌ಟಿಎಸ್‌ಗೆ ಕೂರುತ್ತಾರೆ, ಕನ್ಸಲ್ಟೆನ್ಸಿಯವರು ಕಾಲೇಜುಗಳ ಪಟ್ಟಿ ಕೊಡುತ್ತಾರೆ, ಅಪ್ಪ ಬ್ಯಾಂಕಿಗೆ ಅಲೆಯಲು ಶುರು ಮಾಡುತ್ತಾರೆ. ಶಿಕ್ಷಣ ಸಾಲ ಏಳೂವರೆ ಲಕ್ಷ ದಾಟಿತೆಂದರೆ ಸಾಮಾನ್ಯವಾಗಿ ಅಡಮಾನ ಕೇಳುತ್ತಾರೆ. ಆಗ ಬೀರುವಿನಿಂದ ಹೊರಬರುವುದು ಮೂವತ್ತು-ನಲವತ್ತರ ಸೈಟಿನ ಮನೆಯ ಕ್ರಯಪತ್ರ. ಅದರ ಜೊತೆಗೆ ಖಾತೆ, ಇಸಿ, ಕಂದಾಯದ ರಸೀದಿ ಎಲ್ಲವೂ ಬ್ಯಾಂಕಿನ ವಕೀಲರ ಮೇಜಿಗೆ ಹೋಗಿ, ಒಂದೊಂದು ಪುಟವೂ ತಪಾಸಣೆಯಾಗುತ್ತದೆ. ಮನೆ ಕಟ್ಟಿದವರ ಮೂರು ತಲೆಮಾರಿನ ವಂಶವೃಕ್ಷವನ್ನೂ ಬಿಡದ ಆ ಕಡತದಲ್ಲಿ ಒಟ್ಟಾವಾದಲ್ಲಿ ತಯಾರಾದ ಆ ಅಂಕಿಗಳ ಪಟ್ಟಿಗೆ ಮಾತ್ರ ಜಾಗವಿರುವುದಿಲ್ಲ.

ಆ ಪಟ್ಟಿಯಲ್ಲಿ ಗುಟ್ಟೇನಿಲ್ಲ. ಕೆನಡಾದ 2001ರ ವಲಸೆ ಮತ್ತು ನಿರಾಶ್ರಿತರ ರಕ್ಷಣಾ ಕಾಯ್ದೆಯ 94ನೇ ಸೆಕ್ಷನ್ ಪ್ರಕಾರ ವಲಸೆ ಸಚಿವರು ವರ್ಷಕ್ಕೊಮ್ಮೆ ಸಂಸತ್ತಿಗೆ ವರದಿ ಒಪ್ಪಿಸಬೇಕು. ಮುಂದಿನ ವರ್ಷ ಎಷ್ಟು ವಿದೇಶಿಯರಿಗೆ ಕಾಯಂ ವಾಸದ ಹಕ್ಕು, ಅಂದರೆ ನಮ್ಮವರ ಬಾಯಲ್ಲಿ ಪಿಆರ್, ಕೊಡಲಾಗುವುದು ಎಂಬ ಅಂದಾಜು ಅದರಲ್ಲಿ ಇರಲೇಬೇಕು. ಅದಕ್ಕೆ ಕಾಯ್ದೆ ಹಾಕಿರುವ ಗಡುವು ನವೆಂಬರ್ 1. ನಾವಿಲ್ಲಿ ರಾಜ್ಯೋತ್ಸವದ ಬಾವುಟ ಏರಿಸುವ ದಿನವೇ! 2025ರಲ್ಲಿ ಅದು ನವೆಂಬರ್ 4ರ ಬಜೆಟ್ಟಿನ ಜೊತೆ ಬಂತು. ಪ್ರಾಂತ್ಯಗಳನ್ನು ಕೇಳಿ, ಕೌಶಲದವರಿಗಿಷ್ಟು, ಗಂಡ-ಹೆಂಡತಿ-ತಂದೆತಾಯಿಗಿಷ್ಟು, ನಿರಾಶ್ರಿತರಿಗಿಷ್ಟು ಎಂದು ಹಂಚುತ್ತಾರೆ. ಕ್ವಿಬೆಕ್ ಮಾತ್ರ 1991ರ ಒಪ್ಪಂದದಂತೆ ತನ್ನ ಕೌಶಲದವರನ್ನು ತಾನೇ ಆರಿಸಿಕೊಳ್ಳುತ್ತದೆ. 2017ರಿಂದ ಮೂರು ವರ್ಷದ ಅಂಕಿಗಳನ್ನು ಒಟ್ಟಿಗೇ ಹೇಳುವ ಕ್ರಮ ಬಂದಿದೆ, ಎಲ್ಲರಿಗೂ ಮುಂದಿನದು ಮೊದಲೇ ಗೊತ್ತಿರಲಿ ಎಂದು. ಶಿರಾ ತಾಲ್ಲೂಕಿನ ದ್ವಾರಾಳು ಗ್ರಾಮದಿಂದ ಹೋಗಿ ಕೆನಡಾದ ಸಂಸದರಾದ ಚಂದ್ರ ಆರ್ಯ 2022ರ ಮೇ ತಿಂಗಳಲ್ಲಿ ಅಲ್ಲಿನ ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತಾಡಿದ ವಿಡಿಯೊವನ್ನು ನಾವೆಲ್ಲ ಹಿಗ್ಗಿ ಹಂಚಿಕೊಂಡೆವು. ಅದೇ ಸಂಸತ್ತಿನ ಮುಂದೆ ವರ್ಷವರ್ಷ ಬರುವ ಈ ಲೆಕ್ಕವನ್ನು ಓದುವ ಗೋಜಿಗೆ ನಮ್ಮಲ್ಲಿ ಹೆಚ್ಚಿನವರು ಹೋಗಲಿಲ್ಲ.

ಆದರೆ ಓದಿದ್ದರೂ 2024ರವರೆಗೆ ಅದರಲ್ಲಿ ಅರ್ಧ ಕಥೆಯಷ್ಟೇ ಸಿಗುತ್ತಿತ್ತು. ಗುರಿಯಿದ್ದದ್ದು ಕಾಯಂ ಆಗುವವರಿಗೆ ಮಾತ್ರ. ಓದಲು ಬರುವವರು, ವರ್ಕ್ ಪರ್ಮಿಟ್ ಮೇಲೆ ಬರುವವರು ಆ ಲೆಕ್ಕಕ್ಕೆ ಸೇರುತ್ತಿರಲಿಲ್ಲ. ಅರ್ಜಿ ಬಂದಷ್ಟು, ಅರ್ಹರಿದ್ದಷ್ಟು. ಕಾಯಂ ಬಾಗಿಲಲ್ಲಿ ಎಣಿಸುವವನು ನಿಂತಿದ್ದ, ತಾತ್ಕಾಲಿಕದ ಬಾಗಿಲು ತೆರೆದೇ ಇತ್ತು. ಅದನ್ನು ತೆರೆದಿಟ್ಟವರಿಗೆಲ್ಲ ಅವರವರ ಕಾರಣಗಳಿದ್ದವು. ಒಂಟಾರಿಯೊ ಪ್ರಾಂತ್ಯ 2019ರಲ್ಲಿ ತನ್ನ ಮಕ್ಕಳ ಕಾಲೇಜು ಶುಲ್ಕವನ್ನು ಶೇ 10ರಷ್ಟು ಇಳಿಸಿ ಅಲ್ಲಿಗೇ ನಿಲ್ಲಿಸಿತು. ಆ ಖೋತಾ ತುಂಬಿದ್ದು ಹಲವು ಪಟ್ಟು ಹೆಚ್ಚು ಶುಲ್ಕ ಕಟ್ಟುವ ವಿದೇಶಿ ವಿದ್ಯಾರ್ಥಿಗಳು. ಅಂಗಡಿ, ಹೋಟೆಲು, ಗೋದಾಮುಗಳಿಗೆ ಕಡಿಮೆ ಕೂಲಿಯ ಕೈಗಳು ಬೇಕಿದ್ದವು, ಮನೆ ಮಾಲೀಕರಿಗೆ ಬಾಡಿಗೆದಾರರು. 2023ರ ಕೊನೆಗೆ ಸ್ಟಡಿ ಪರ್ಮಿಟ್ ಇದ್ದವರ ಸಂಖ್ಯೆ 10 ಲಕ್ಷ ದಾಟಿತು. ಅವರಲ್ಲಿ ಹತ್ತಕ್ಕೆ ನಾಲ್ವರು ಭಾರತದವರು. 2024ರಲ್ಲಿ ಎಲ್ಲ ಬಗೆಯ ತಾತ್ಕಾಲಿಕರನ್ನೂ ಕೂಡಿದರೆ 30 ಲಕ್ಷಕ್ಕೂ ಹೆಚ್ಚು. ದೇಶದ ಒಟ್ಟು ಜನಸಂಖ್ಯೆಯೇ ಸುಮಾರು 4.1 ಕೋಟಿ.

ಆಮೇಲೆ ಬಂದದ್ದು ಕತ್ತರಿ. 2024ರ ಜನವರಿಯಲ್ಲಿ ಸ್ಟಡಿ ಪರ್ಮಿಟ್‌ಗೆ ಮಿತಿ. ಅಕ್ಟೋಬರ್‌ನಲ್ಲಿ, ಮೊದಲ ಬಾರಿಗೆ, ತಾತ್ಕಾಲಿಕರ ಅಂಕಿಯೂ ಕಾಯಂ ಅಂಕಿಯ ಪಕ್ಕದಲ್ಲೇ ಅಚ್ಚಾಯಿತು. ಜನಸಂಖ್ಯೆಯಲ್ಲಿ ತಾತ್ಕಾಲಿಕರ ಪಾಲನ್ನು ಶೇ 5ಕ್ಕೆ ಇಳಿಸುವುದು ಗುರಿ. 2026ರ ಕಾಯಂ ಗುರಿ ಹಿಂದಿನ ವರ್ಷದ ಪಟ್ಟಿಯಲ್ಲಿ 5 ಲಕ್ಷವಿದ್ದದ್ದು 3.8 ಲಕ್ಷಕ್ಕೆ ಇಳಿಯಿತು. ಇಲ್ಲಿ ಇದನ್ನು ಹಲವರು 2023ರ ಭಾರತ-ಕೆನಡಾ ರಾಜತಾಂತ್ರಿಕ ಜಗಳದ ಸೇಡು ಎಂದೇ ಓದಿಕೊಂಡರು. ಆ ವರ್ಷದ ಅಕ್ಟೋಬರ್‌ನಲ್ಲಿ 41 ರಾಜತಾಂತ್ರಿಕರನ್ನು ಕೆನಡಾ ವಾಪಸ್ ಕರೆಸಿಕೊಂಡು, ಬೆಂಗಳೂರಿನ ಕಾನ್ಸುಲೇಟ್‌ನಲ್ಲಿ ಮುಖಾಮುಖಿ ಸೇವೆ ನಿಲ್ಲಿಸಿದ್ದು ನಿಜ. ಆದರೆ ಪರ್ಮಿಟ್ ಮಿತಿ ಯಾವ ದೇಶದ ಹೆಸರನ್ನೂ ಹೇಳುವುದಿಲ್ಲ. ನೈಜೀರಿಯಾದವರಿಗೂ ಫಿಲಿಪ್ಪೀನ್ಸ್‌ನವರಿಗೂ ಅದೇ ಕತ್ತರಿ. ಇದನ್ನು ಭಾರತದ ಮೇಲಿನ ಕೋಪವೆಂದು ಬೈದು ಮುಗಿಸಿದರೆ ಒಳಗಿನ ನಿಜವಾದ ತಪ್ಪು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಆ ತಪ್ಪು ಮಿತಿ ಹಾಕಿದ್ದಲ್ಲ, ಎರಡು ಲೆಕ್ಕದ ಪುಸ್ತಕ ಇಟ್ಟಿದ್ದು. ಒಂದರಲ್ಲಿ ಬರುವವರು, ಇನ್ನೊಂದರಲ್ಲಿ ಉಳಿಯುವವರು. ಒಂದನ್ನೊಂದು ತಾಳೆ ನೋಡುವವರೇ ಇಲ್ಲ. ಬಸ್ಸಿನಲ್ಲಿ ಸೀಟು ನಲವತ್ತು ಎಂದು ಬರೆದು ನಾನೂರು ಟಿಕೆಟ್ ಹರಿದರೆ, ಗಲಾಟೆ ಆಗುವುದು ಬಸ್ಸು ಹೊರಟ ಮೇಲೆ. 2024ರ ಪಟ್ಟಿಯಲ್ಲಿ ಆ ಎರಡು ಪುಸ್ತಕಗಳು ಒಂದೇ ಹಾಳೆಗೆ ಬಂದವು. ಹೊಸಹಳ್ಳಿಯ ಎಷ್ಟೋ ಮನೆಗಳಿಗೆ ಕಹಿಯೆನಿಸಿದರೂ, ಇಪ್ಪತ್ತು ವರ್ಷದಲ್ಲಿ ಕೆನಡಾ ಮಾಡಿದ ಪ್ರಾಮಾಣಿಕ ಕೆಲಸ ಅದೇ ಎನ್ನುವುದು ನನ್ನ ಅಭಿಪ್ರಾಯ. ಕೆಟ್ಟದ್ದು ಅದನ್ನು ಮಾಡಿದ ಕಾಲ ಮತ್ತು ರೀತಿ: 30 ಲಕ್ಷ ಜನ ಒಳಗೆ ಬಂದಾದ ಮೇಲೆ, ಬಂದವರ ತಲೆಯ ಮೇಲೆಯೇ.

ಎರಡು ಪುಸ್ತಕವನ್ನು ಹಾಗೇ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿಗೆ ಇನ್ನೂ ಹತ್ತಿರದ ಉದಾಹರಣೆ ಅಮೆರಿಕ. ಅಲ್ಲಿ ಎಚ್-1ಬಿ ವೀಸಾದ ವಾರ್ಷಿಕ ಮಿತಿ 65,000, ಅಲ್ಲಿಯೇ ಸ್ನಾತಕೋತ್ತರ ಪದವಿ ಪಡೆದವರಿಗೆ ಮತ್ತೆ 20,000. ಮಂಜೂರಾಗುವ ಎಚ್-1ಬಿ ಅರ್ಜಿಗಳಲ್ಲಿ ಹತ್ತಕ್ಕೆ ಏಳರಷ್ಟು ಭಾರತದಲ್ಲಿ ಹುಟ್ಟಿದವರವು. ಇದು ಬರುವ ಬಾಗಿಲು. ಉಳಿಯುವ ಬಾಗಿಲಲ್ಲಿ ನೌಕರಿ ಆಧಾರದ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000. ಹೆಂಡತಿ-ಮಕ್ಕಳೂ ಇದರೊಳಗೇ ಲೆಕ್ಕ. ಒಂದು ದೇಶದವರಿಗೆ ಶೇ 7ಕ್ಕಿಂತ ಹೆಚ್ಚು ಸಿಗದು, ಅಂದರೆ 9,800ರ ಆಸುಪಾಸು. ಬೇರೆಯವರು ಬಳಸದೆ ಉಳಿದದ್ದಷ್ಟೇ ಮೇಲಿನ ಲಾಭ. ಈ 1,40,000 ಎಂಬ ಅಂಕಿ 1990ರ ಕಾಯ್ದೆಯದು. ಆ ವರ್ಷ ಹುಟ್ಟಿದ ಮಗು ಇಂದು ಮೂವತ್ತೈದು ದಾಟಿ, ಅದೇ ಸಾಲಿನಲ್ಲಿ ನಿಂತಿರಬಹುದು. 2025ರಲ್ಲಿ ಭಾರತೀಯರ ಇಬಿ-2 (ಉನ್ನತ ಪದವಿಯವರ ಗ್ರೀನ್ ಕಾರ್ಡ್) ಸಾಲು 2013ರ ಅರ್ಜಿಗಳ ಹತ್ತಿರ ತೆವಳುತ್ತಿತ್ತು. ಅಪ್ಪ-ಅಮ್ಮನ ಕೈ ಹಿಡಿದು ಹೋದ ಮಕ್ಕಳು, ಬೆಳೆದದ್ದೆಲ್ಲ ಅಲ್ಲೇ ಆದರೂ, 21 ತುಂಬಿದರೆ ಅವಲಂಬಿತರ ಪಟ್ಟಿಯಿಂದ ಹೊರಬೀಳುತ್ತಾರೆ. ಇದನ್ನು ಯಾವ ಸಚಿವರೂ ಒಂದು ದಿನ ಕೂತು ತೀರ್ಮಾನಿಸಿದ್ದಲ್ಲ. ಎರಡು ಅಂಕಿಗಳನ್ನು ಯಾರೂ ಎಂದೂ ಅಕ್ಕಪಕ್ಕ ಇಟ್ಟು ನೋಡದ್ದರಿಂದ ತಾನಾಗಿ ಆದದ್ದು.

ಇದಕ್ಕೆ ಮೊದಲ ಆಕ್ಷೇಪ ಸರಳ. ವೀಸಾದ ಮೇಲೆಯೇ 'ತಾತ್ಕಾಲಿಕ' ಎಂದು ಬರೆದಿರುವಾಗ ವಾಪಸಾಗಿ ಎಂದರೆ ಅನ್ಯಾಯವೇನು? ಕಾಗದದ ಮೇಲೆ ಸರಿ. ಆದರೆ ಅದೇ ಸರ್ಕಾರದ ಇನ್ನುಳಿದ ಕಾಗದಗಳನ್ನೂ ಓದಬೇಕು. ಕಾಯಂ ಆಗುವ ಇರಾದೆ ಇದ್ದರೂ ತಾತ್ಕಾಲಿಕವಾಗಿ ಬರಲು ಅಡ್ಡಿಯಿಲ್ಲ ಎಂದು ಕೆನಡಾದ ಕಾಯ್ದೆಯೇ 22ನೇ ಸೆಕ್ಷನ್‌ನಲ್ಲಿ ಹೇಳುತ್ತದೆ. 2015ರಲ್ಲಿ ಶುರುವಾದ ಎಕ್ಸ್‌ಪ್ರೆಸ್ ಎಂಟ್ರಿಯ ಅಂಕ ಪದ್ಧತಿಯಲ್ಲಿ ಕೆನಡಾದಲ್ಲಿ ಓದಿದ್ದಕ್ಕೆ ಅಂಕ, ಕೆನಡಾದಲ್ಲಿ ದುಡಿದದ್ದಕ್ಕೆ ಅಂಕ. ಓದು ಮುಗಿದ ಮೇಲೆ ಮೂರು ವರ್ಷದವರೆಗೆ ವರ್ಕ್ ಪರ್ಮಿಟ್. 2025ರಲ್ಲಿ ಕಾಯಂ ಆಗುವವರಲ್ಲಿ ಶೇ 40ಕ್ಕಿಂತ ಹೆಚ್ಚು ಮಂದಿ ಈಗಾಗಲೇ ಒಳಗಿರುವವರು ಎಂದು ಸರ್ಕಾರದ ಯೋಜನೆಯೇ ಹೆಮ್ಮೆಯಿಂದ ಹೇಳಿತು. ಮೆಟ್ಟಿಲು ಕಟ್ಟಿ, ಹತ್ತಿಸಿ, ಮೇಲಿನ ಅಂತಸ್ತು ಇದೆಯೆಂದು ನಾವು ಎಂದಾದರೂ ಹೇಳಿದೆವಾ ಎಂದು ಕೇಳಿದರೆ ಹೇಗೆ? ಬಂದವರೆಲ್ಲ ಉಳಿಯುವವರಲ್ಲ. ಹಾಗಾಗಿ ಬಂದ ಒಬ್ಬೊಬ್ಬರಿಗೂ ಒಂದೊಂದು ಸೀಟು ಇಡಬೇಕು ಎಂದು ನಾನು ಹೇಳುತ್ತಿಲ್ಲ. ಎಷ್ಟು ಮಂದಿ ಬರುತ್ತಾರೆ, ಅವರಲ್ಲಿ ಎಷ್ಟು ಮಂದಿಗೆ ಮುಂದೆ ದಾರಿಯಿದೆ ಎಂಬ ಅಂದಾಜನ್ನು ಅರ್ಜಿ ಶುಲ್ಕ ಕಟ್ಟಿಸಿಕೊಳ್ಳುವ ಮೊದಲು ಹೇಳಬೇಕು.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ತನ್ನ ಮನೆಗೆ ಯಾರನ್ನು, ಎಷ್ಟು ಮಂದಿಯನ್ನು ಕರೆಯಬೇಕೆಂಬುದು ಆ ದೇಶದ ಹಕ್ಕು. ಬಾಡಿಗೆ ಏರಿದಾಗ, ಆಸ್ಪತ್ರೆ ತುಂಬಿದಾಗ ಗುರಿ ಬದಲಿಸುವ ಸ್ವಾತಂತ್ರ್ಯ ಸರ್ಕಾರಕ್ಕೆ ಬೇಡವೇ? ಬೇಕು. ಅಂಕಿ ಇಡುವುದೇ ಕ್ರೌರ್ಯ ಎನ್ನುವವರ ಜೊತೆ ನಾನಿಲ್ಲ. ಅಂಕಿ ಇಲ್ಲದ ಕಾಲದಲ್ಲಿ ಆಯ್ಕೆ ನಡೆಯುತ್ತಿದ್ದದ್ದು ಚರ್ಮದ ಬಣ್ಣ ನೋಡಿ. ಅಂಕಿ ಬಂದಮೇಲೂ ಎಲ್ಲ ನೆಟ್ಟಗಾಗಲಿಲ್ಲ ಅನ್ನಿ: 1951ರ ಒಪ್ಪಂದದಲ್ಲಿ ಕೆನಡಾ ಇಡೀ ಭಾರತಕ್ಕೆ ಕೊಟ್ಟ ವಾರ್ಷಿಕ ಕೋಟಾ 150 ಜನ. ವಶೀಲಿಯ ಬದಲು ಓದು, ಭಾಷೆ, ಕೌಶಲಕ್ಕೆ ಅಂಕ ಕೊಡುವ ಪದ್ಧತಿ 1967ರಲ್ಲಿ ಬಂತು. ಇತ್ತ ಬ್ರಿಟನ್ನಿನ ಪಾಡು ಬೇರೆ. ನಿವ್ವಳ ವಲಸೆಯನ್ನು ವರ್ಷಕ್ಕೆ ಲಕ್ಷದೊಳಗೆ ಇಳಿಸುತ್ತೇವೆ ಎಂದು ಕನ್ಸರ್ವೇಟಿವ್ ನಾಯಕ ಡೇವಿಡ್ ಕ್ಯಾಮರಾನ್ 2010ರಲ್ಲಿ ಮಾತು ಕೊಟ್ಟರು. ಒಂದು ವರ್ಷವೂ ಅದು ಈಡೇರಲಿಲ್ಲ, 2019ರಲ್ಲಿ ಅವರದೇ ಪಕ್ಷದ ಸರ್ಕಾರ ಅದನ್ನು ಸದ್ದಿಲ್ಲದೆ ಕೈಬಿಟ್ಟಿತು. ಯಾರು ಬಿಟ್ಟು ಹೋಗುತ್ತಾರೆ ಎಂಬುದು ಸರ್ಕಾರದ ಕೈಯಲ್ಲಿಲ್ಲದಿರುವಾಗ ನಿವ್ವಳಕ್ಕೆ ಗುರಿಯಿಡುವುದು ಮಳೆಗೆ ಗುರಿಯಿಟ್ಟಂತೆ.

ಹಾಗಾದರೆ ಗುರಿ ಬದಲಿಸುವ ಸ್ವಾತಂತ್ರ್ಯಕ್ಕೂ ಬಂದವರ ನ್ಯಾಯಕ್ಕೂ ಗೆರೆ ಎಲ್ಲಿ? ಮುಂದೆ ಬರುವವರಿಗೆ ಬಾಗಿಲು ಎಷ್ಟು ಬೇಕಾದರೂ ಕಿರಿದು ಮಾಡಲಿ. ಈಗಾಗಲೇ ಬಂದವರಿಗೆ ಬಂದ ದಿನದ ನಿಯಮವೇ ನಡೆಯಲಿ. ಇದು ಬರಿಯ ಸದಾಶಯವಲ್ಲ, ಇದಕ್ಕೆ ಒಂದು ತೀರ್ಪಿನ ಬಲವಿದೆ. ಬ್ರಿಟನ್ 2002ರಲ್ಲಿ ಉನ್ನತ ಕೌಶಲದವರಿಗೆಂದು ಎಚ್‌ಎಸ್‌ಎಂಪಿ ಎಂಬ ಯೋಜನೆ ತಂದು, ಕೆಲಸ ಬಿಟ್ಟು, ಮನೆ ಮಾರಿ ಬನ್ನಿ ಎಂಬಂತೆ ಕರೆಯಿತು. ಭಾರತದಿಂದಲೂ ಸಾಕಷ್ಟು ಮಂದಿ ಹೋದರು. 2006ರ ನವೆಂಬರ್‌ನಲ್ಲಿ ಅರ್ಹತೆಯ ಅಂಕಗಳನ್ನು ಬದಲಿಸಿ, ಆಗಲೇ ಅಲ್ಲಿ ನೆಲೆಸಿದ್ದವರಿಗೂ ಅನ್ವಯಿಸಿತು. ಅವರು ಒಗ್ಗೂಡಿ ಎಚ್‌ಎಸ್‌ಎಂಪಿ ಫೋರಂ ಹೆಸರಿನಲ್ಲಿ ಕೋರ್ಟಿಗೆ ಹೋದರು. ನಿಯಮ ಬದಲಿಸಬಹುದು, ಆದರೆ ಯೋಜನೆಯನ್ನು ನಂಬಿ ಬಂದವರಿಗೆ ಅದನ್ನು ಅನ್ವಯಿಸುವುದು ಕಾನೂನುಬಾಹಿರ ಎಂದು 2008ರ ಏಪ್ರಿಲ್‌ನಲ್ಲಿ ಲಂಡನ್ನಿನ ಹೈಕೋರ್ಟ್ ಹೇಳಿತು. ಸರ್ಕಾರದ ಕೈ ಕಟ್ಟದೆಯೇ ಬಂದವರ ಕೈ ಹಿಡಿದ ತೀರ್ಪು ಅದು. ಕೆನಡಾದ ಹೊಸ ಪಟ್ಟಿಯಲ್ಲಿ 2026 ಮತ್ತು 2027ರಲ್ಲಿ 33,000 ವರ್ಕ್ ಪರ್ಮಿಟ್‌ದಾರರನ್ನು ಕಾಯಂ ಮಾಡುವ ಒಂದು ಸಾಲಿದೆ. ದಿಕ್ಕು ಸರಿಯಿದೆ, ಅಳತೆ ಮಾತ್ರ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಇಲ್ಲಿ ಒಬ್ಬ ಓದುಗರು ಎದ್ದು ಕೇಳಬಹುದು, ಕೇಳಲೇಬೇಕು: ಬೆಂಗಳೂರಿಗೆ ಬರುವವರಿಗೆ ಮಿತಿ ಬೇಕೆನ್ನುವ ನಾವು ಕೆನಡಾಕ್ಕೆ ಉಪದೇಶ ಮಾಡುವುದೇ? ಖಾಸಗಿ ಉದ್ಯಮಗಳ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಸ್ಥಳೀಯರಿಗೆ ಎಂಬ ಮಸೂದೆಗೆ 2024ರ ಜುಲೈಯಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟು, ಉದ್ಯಮಿಗಳ ಗದ್ದಲಕ್ಕೆ ಕೆಲವೇ ದಿನಗಳಲ್ಲಿ ತಡೆಹಿಡಿಯಿತು. ಸರೋಜಿನಿ ಮಹಿಷಿ ವರದಿಯ ಕಾಲದಿಂದ ನಡೆದು ಬಂದ ಚರ್ಚೆ ಅದು, ಅದರ ನೋವು ಸುಳ್ಳಲ್ಲ. ಆದರೆ ಎರಡನ್ನೂ ಒಂದೇ ತಕ್ಕಡಿಗೆ ಹಾಕಲಾಗದು. ಸಂವಿಧಾನದ 19ನೇ ವಿಧಿ ದೇಶದೊಳಗೆ ಎಲ್ಲಿ ಬೇಕಾದರೂ ನೆಲೆಸುವ ಹಕ್ಕನ್ನು ಪ್ರಜೆಗೆ ಕೊಟ್ಟಿದೆ. ಗಡಿ ದಾಟಿ ಹೋದವನಿಗೆ ಅಂಥ ಹಕ್ಕಿಲ್ಲ, ಇರುವುದು ಆ ದೇಶ ಕೊಟ್ಟ ಮಾತು ಮಾತ್ರ. ಹಕ್ಕಿಲ್ಲದವನಿಗೆ ಕೊಟ್ಟ ಮಾತು ಇನ್ನೂ ಹೆಚ್ಚು ಬಿಗಿಯಾಗಿರಬೇಕು ಎನ್ನುವುದಕ್ಕೆ ಇದೇ ಕಾರಣ.

ಒಟ್ಟಾವಾವನ್ನು ನಾವು ತಿದ್ದಲಾರೆವು, ವಿಧಾನಸೌಧವನ್ನು ಕೇಳಬಹುದು. ರಾಜ್ಯದಲ್ಲಿ ಅನಿವಾಸಿ ಭಾರತೀಯರ ಸಮಿತಿಯಿದೆ, ಕೌಶಲಾಭಿವೃದ್ಧಿ ಇಲಾಖೆಯಡಿ ಅಂತರರಾಷ್ಟ್ರೀಯ ವಲಸೆ ಕೇಂದ್ರವಿದೆ. ಕೆನಡಾದ ನವೆಂಬರ್ ಪಟ್ಟಿ, ಆಸ್ಟ್ರೇಲಿಯಾ ವರ್ಷಕ್ಕೊಮ್ಮೆ ಹೇಳುವ ಕಾಯಂ ವಲಸೆಯ ಅಂಕಿ (2025-26ಕ್ಕೆ 1,85,000), ಅಮೆರಿಕ ತಿಂಗಳು ತಿಂಗಳು ಹೊರಡಿಸುವ ವೀಸಾ ಬುಲೆಟಿನ್, ಇವನ್ನು ಒಂದು ಪುಟದ ಕನ್ನಡದಲ್ಲಿ ಹಾಕಲು ದೊಡ್ಡ ಅನುದಾನವೇನೂ ಬೇಕಿಲ್ಲ. ಅಡಮಾನ ಇಟ್ಟುಕೊಳ್ಳುವ ಬ್ಯಾಂಕು ಆ ಪುಟಕ್ಕೂ ಅರ್ಜಿದಾರರ ಸಹಿ ಹಾಕಿಸಿಕೊಳ್ಳಲಿ, ಇಸಿಗೆ ಕೊಡುವಷ್ಟೇ ಬೆಲೆ ಅದಕ್ಕೂ ಕೊಡಲಿ. ಶಿಕ್ಷಣ ಸಾಲದ ಕಂತು ಸಾಮಾನ್ಯವಾಗಿ ಕೋರ್ಸ್ ಮುಗಿದ ಒಂದು ವರ್ಷಕ್ಕೆ ಶುರುವಾಗುತ್ತದೆ. 2024ರಲ್ಲಿ ಎರಡು ವರ್ಷದ ಕೋರ್ಸಿಗೆ ಹೋದವರಿಗೆ ಅದು 2027. ಕೆನಡಾ ತನ್ನ ತಾತ್ಕಾಲಿಕರ ಪಾಲನ್ನು ಶೇ 5ಕ್ಕಿಂತ ಕೆಳಗಿಳಿಸಲು ಈಗ ಇಟ್ಟುಕೊಂಡಿರುವ ಗಡುವೂ 2027ರ ಕೊನೆಯೇ.